ಹಳೇ ಕಂಪ್ಯೂಟರ್, ಹನ್ನೊಂದು ಸಾವಿರ ಫೈಲು: ಲಿನಕ್ಸ್‌ನಲ್ಲಿ ಹುಡುಕೋದಕ್ಕೆ ಹಗುರವಾದದ್ದು ಯಾವುದು?

ಪತ್ರಬರಹ_ತುಮಕೂರು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಿರ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಕ್ರಯಪತ್ರ, ವಿಭಾಗ ಪತ್ರ, ಬಾಡಿಗೆ ಕರಾರು, ಅಫಿಡವಿಟ್, ಇವೇ ಕೆಲಸ. ಕಂಪ್ಯೂಟರ್ ಹಳೇದು. ಕೋರ್ 2 ಡ್ಯುಯೊ, 2 ಜಿಬಿ ರ್ಯಾಮ್. ವಿಂಡೋಸ್ ತೆವಳುತ್ತಿತ್ತು. ಹೋದ ವರ್ಷ ಅಕ್ಕನ ಮಗ ಬಂದು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿಕೊಟ್ಟ. ಅಲ್ಲಿಂದ ಆರಾಮಾಗಿದೆ.

ತೊಂದರೆ ಒಂದೇ. ಮೊನ್ನೆ ಬೆಳ್ಳಾವಿ ಕಡೆಯ ಒಬ್ಬರು ಬಂದರು. "ಏಳೆಂಟು ವರ್ಷದ ಹಿಂದೆ ನಮ್ಮಪ್ಪನ ಹೆಸರಿಗೆ ಕ್ರಯ ಬರೆದಿದ್ರಲ್ಲ ಸಾರ್, ಚಕ್ಕುಬಂದಿ ಸ್ವಲ್ಪ ನೋಡಬೇಕು" ಅಂದರು. ಫೈಲ್ ನನ್ನ ಹತ್ತಿರ ಇದೆ ಅನ್ನೋದು ಖಾತ್ರಿ. ಎಲ್ಲಿದೆ ಅನ್ನೋದು ಗೊತ್ತಿಲ್ಲ. ನಲವತ್ತು ನಿಮಿಷ ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಅವರು ಎದುರಿಗೆ ಸ್ಟೂಲ್ ಮೇಲೆ ಕೂತು ಎರಡು ಟೀ ಕುಡಿದರು. ಸಿಗಲಿಲ್ಲ.

ಒಟ್ಟು ಹನ್ನೊಂದು ಸಾವಿರದಷ್ಟು ಫೈಲುಗಳಿವೆ. ಹೆಸರುಗಳನ್ನು ಕೇಳಬೇಡಿ. "ಹೊಸದು", "ಹೊಸದು 2", "ಫೈನಲ್", "ಫೈನಲ್ ಸರಿಮಾಡಿದ್ದು", ಇಂಥವೇ. ಹುಡುಕೋದಕ್ಕೆ ಏನಾದರೂ ಹಾಕಿಕೊಳ್ಳಬೇಕು, ಆದರೆ ಕಂಪ್ಯೂಟರ್ ಮೇಲೆ ಭಾರ ಬೀಳಬಾರದು. ಏನು ಹಾಕಲಿ?

ತಿಪಟೂರು_ಕೊಬ್ಬರಿ · ಸೋಮವಾರ ರಾತ್ರಿ 10:05

ಸುಮ್ನೆ ಯಾಕೆ ದೊಡ್ಡದಕ್ಕೆ ಹೋಗ್ತೀರ ಸಾರ್. ಪಿಲೊಕೇಟ್ ಹಾಕಿ. ಟರ್ಮಿನಲ್‌ನಲ್ಲಿ ಲೊಕೇಟ್ ಅಂತ ಟೈಪ್ ಮಾಡಿ, ಹೆಸರಿನ ಒಂದು ತುಂಡು ಕೊಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬರುತ್ತೆ. ದಿನಕ್ಕೊಂದು ಸಲ ತಾನೇ ಡಿಸ್ಕ್ ಸುತ್ತಿ ಪಟ್ಟಿ ಹೊಸದು ಮಾಡಿಕೊಳ್ಳುತ್ತೆ. ಆಮೇಲೆ ಸುಮ್ಮನಿರುತ್ತೆ, ರ್ಯಾಮ್ ತಿನ್ನಲ್ಲ.

ಟರ್ಮಿನಲ್ ಬೇಡ ಅಂದರೆ ಎಫ್‌ಸರ್ಚ್. ವಿಂಡೋಸ್‌ನಲ್ಲಿ ಎವೆರಿಥಿಂಗ್ ಅಂತ ಇತ್ತಲ್ಲ, ಅದೇ ತರಹ. ಒಂದೊಂದು ಅಕ್ಷರ ಒತ್ತಿದ ಹಾಗೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತೆ.

ಒಂದು ಎಚ್ಚರ. ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಹಳೇ ಫೈಲ್ ಇಟ್ಟಿದ್ದರೆ ಲೊಕೇಟ್‌ಗೆ ಕಾಣಿಸಲ್ಲ. ಉಬುಂಟು ಕಡೆಯ ಲಿನಕ್ಸ್‌ಗಳಲ್ಲಿ ಮೀಡಿಯಾ ಫೋಲ್ಡರನ್ನು ಬಿಟ್ಟುಬಿಡು ಅಂತ ಅದರ ಸೆಟ್ಟಿಂಗ್ ಕಡತದಲ್ಲಿ ಮೊದಲೇ ಬರೆದಿರುತ್ತಾರೆ. ನಾನು ಇದು ಗೊತ್ತಿಲ್ಲದೆ ಮಗಳ ನಾಮಕರಣದ ಫೋಟೋ ಹೋಯ್ತು ಅಂತ ಮನೆಯಲ್ಲಿ ಬೈಸಿಕೊಂಡೆ. ಫೋಟೋ ಡಿಸ್ಕ್‌ನಲ್ಲೇ ಇತ್ತು.

ಬೆಟ್ಟದಹಾದಿ_ಮಧುಗಿರಿ · ಸೋಮವಾರ ರಾತ್ರಿ 10:31

ಕೊಬ್ಬರಿಯವರೇ, ಅವರು ಹೇಳಿದ್ದನ್ನು ಪೂರ್ತಿ ಓದಿದ್ರಾ? ಫೈಲಿನ ಹೆಸರು "ಹೊಸದು 2" ಅಂತಿದೆ. ಲೊಕೇಟ್ ಮತ್ತು ಎಫ್‌ಸರ್ಚ್ ಎರಡೂ ನೋಡೋದು ಹೆಸರನ್ನು ಮಾತ್ರ. ಅವರಿಗೆ ಬೇಕಿರೋದು ಒಳಗಿನ ಬರಹ.

ಒಳಗಿನ ಬರಹಕ್ಕೆ ನನ್ನ ಮಟ್ಟಿಗೆ ರೆಕಾಲ್. ನಾಲ್ಕು ವರ್ಷದಿಂದ ಶಾಲೆಯ ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲಕ್ಕೂ ಅದನ್ನೇ ಬಳಸುತ್ತಿದ್ದೇನೆ. ಅದು ಒಂದು ಸಲ ಎಲ್ಲ ಫೈಲನ್ನೂ ಓದಿ, ಯಾವ ಪದ ಯಾವ ಫೈಲಿನಲ್ಲಿದೆ ಅಂತ ಒಂದು ಸೂಚಿ ಕಟ್ಟಿಕೊಳ್ಳುತ್ತೆ. ಪುಸ್ತಕದ ಕೊನೇ ಪುಟಗಳಲ್ಲಿ ಇರುತ್ತಲ್ಲ, ಹಾಗೆ. ಹುಡುಕುವಾಗ ಸೂಚಿ ನೋಡಿದರೆ ಸಾಕು, ಫೈಲುಗಳನ್ನು ಮತ್ತೆ ತೆರೆಯಬೇಕಾಗಿಲ್ಲ. ಒಳಗೆ ಕೆಲಸ ಮಾಡೋದು ಜೇಪಿಯನ್ ಅನ್ನುವ ಹುಡುಕಾಟದ ಲೈಬ್ರರಿ.

ಹಗುರ ಅನ್ನೋದು ಹೇಗೆ ಬಳಸುತ್ತೀರಿ ಅನ್ನೋದರ ಮೇಲಿದೆ. ರೆಕಾಲ್‌ನಲ್ಲಿ ಎರಡು ದಾರಿ. ಯಾವಾಗಲೂ ಹಿಂದೆ ಕೂತು ಫೈಲ್ ಬದಲಾದ ತಕ್ಷಣ ಓದೋದು ಒಂದು. ಹೇಳಿದ ಹೊತ್ತಿಗೆ ಮಾತ್ರ ಎದ್ದು ಓದಿ ಮಲಗೋದು ಇನ್ನೊಂದು. 2 ಜಿಬಿಗೆ ಎರಡನೇದೇ ಸರಿ. ಮಧ್ಯಾಹ್ನ ಊಟಕ್ಕೆ ಹೋಗುವ ಹೊತ್ತು ಇಟ್ಟುಕೊಳ್ಳಿ.

ಮನೆ ಫೋಲ್ಡರ್ ಪೂರ್ತಿ ಕೊಡಬೇಡಿ. ಪತ್ರಗಳಿರುವ ಫೋಲ್ಡರ್ ಒಂದನ್ನೇ ಕೊಡಿ. ಇಲ್ಲದಿದ್ದರೆ ಬ್ರೌಸರಿನ ಕಸವನ್ನೆಲ್ಲ ಓದುತ್ತಾ ಕೂರುತ್ತೆ.

ರೇಷ್ಮೆಗೂಡು_ಶಿಡ್ಲಘಟ್ಟ · ಮಂಗಳವಾರ ಬೆಳಿಗ್ಗೆ 6:50

ಹೊಸದನ್ನು ಹಾಕೋದಕ್ಕಿಂತ ಜೊತೆಗೇ ಬಂದಿರೋದನ್ನು ಯಾಕೆ ಬಳಸಬಾರದು? ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಹುಡುಕೋದಕ್ಕೆ ಬಲೂ ಇದೆ, ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಟ್ರ್ಯಾಕರ್ ಇದೆ. ಟ್ರ್ಯಾಕರ್‌ಗೆ 2024ರಲ್ಲಿ ಲೋಕಲ್‌ಸರ್ಚ್ ಅಂತ ಹೆಸರು ಬದಲಾಯಿಸಿದ್ದಾರೆ.

ಹಳಬರಿಗೆ ನೆನಪಿರಬಹುದು, ಮೊದಲು ಬೀಗಲ್ ಅಂತ ಒಂದಿತ್ತು. ಮೋನೋ ಅನ್ನುವ ಪ್ರೋಗ್ರಾಂ ವೇದಿಕೆ ಮೇಲೆ ಬರೆದದ್ದು. ಹಾಕಿದ ದಿನ ಫ್ಯಾನ್ ಸದ್ದಿಗೆ ಮನೆಯವರು ಬಂದು ಏನಾಯ್ತು ಅಂತ ನೋಡಿದ್ದರು. ಆಮೇಲೆ ಕೆಡಿಇಯ ನೆಪೊಮುಕ್. ಅದರ ಬಗ್ಗೆ ಏನೂ ಹೇಳಲ್ಲ. 2014ರಲ್ಲಿ ಅದನ್ನು ತೆಗೆದು ಬಲೂ ತಂದ ಮೇಲೆ ಉಸಿರಾಡುವ ಹಾಗಾಯ್ತು. ಗೂಗಲ್ ಕೂಡ 2007ರಲ್ಲಿ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಹುಡುಕಾಟ ಕೊಟ್ಟಿತ್ತು, 2011ರಲ್ಲಿ ನಿಲ್ಲಿಸಿತು.

ಬೆಟ್ಟದಹಾದಿ_ಮಧುಗಿರಿ · ಮಂಗಳವಾರ ಬೆಳಿಗ್ಗೆ 7:15

ಬಲೂ ಕೆಡಿಇಗೆ ಹೊಲಿದ ಅಂಗಿ, ಟ್ರ್ಯಾಕರ್ ಗ್ನೋಮ್‌ಗೆ. ಅವರದು ಎಕ್ಸ್‌ಎಫ್‌ಸಿಇ. ಆ ಡೆಸ್ಕ್‌ಟಾಪ್ ಜೊತೆ ಓಡಾಡುವುದು ಕ್ಯಾಟ್‌ಫಿಶ್. ಅದರಲ್ಲಿ ಒಳಗಿನ ಬರಹ ನೋಡು ಅನ್ನುವ ಗುರುತು ಇದೆ ನಿಜ, ಆದರೆ ಸೂಚಿ ಇಲ್ಲ. ಪ್ರತಿ ಸಲ ಎಲ್ಲ ಫೈಲನ್ನೂ ತೆರೆದು ನೋಡಬೇಕು. ಹನ್ನೊಂದು ಸಾವಿರಕ್ಕೆ ಇನ್ನೂ ಎರಡು ಟೀ ತರಿಸಬೇಕಾಗುತ್ತೆ.

ಕೋಟಿಲಿಂಗ_ದಾರಿ · ಮಂಗಳವಾರ ಬೆಳಿಗ್ಗೆ 11:20

ಕೋಲಾರದಿಂದ. ರಿಪ್‌ಗ್ರೆಪ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಸೂಚಿ ಗೀಚಿ ಏನೂ ಬೇಡ. ನೇರವಾಗಿ ಓದುತ್ತೆ, ಮಿಂಚಿನ ಹಾಗೆ.

ಬೆಟ್ಟದಹಾದಿ_ಮಧುಗಿರಿ · ಮಂಗಳವಾರ ಮಧ್ಯಾಹ್ನ 1:10

ಬರಿ ಪಠ್ಯದ ಫೈಲಾದರೆ ಮಿಂಚೇ. ಆದರೆ ವರ್ಡ್‌ನ ಡಾಕ್ಸ್, ಲಿಬ್ರೆ ಆಫೀಸ್‌ನ ಒಡಿಟಿ ಇವೆಲ್ಲ ಒಳಗೆ ಜಿಪ್ ಮಾಡಿದ ಗಂಟು. ಗಂಟು ಬಿಚ್ಚದೆ ಗ್ರೆಪ್‌ಗೆ ಏನೂ ಕಾಣಲ್ಲ. ಪಿಡಿಎಫ್ ಕೂಡ ಅಷ್ಟೇ. ಪ್ರೋಗ್ರಾಂ ಬರೆಯುವವರಿಗೆ ರಿಪ್‌ಗ್ರೆಪ್ ಸರಿ, ಪತ್ರ ಬರೆಯುವವರಿಗೆ ಅಲ್ಲ.

ಕೋಟಿಲಿಂಗ_ದಾರಿ · ಮಂಗಳವಾರ ಮಧ್ಯಾಹ್ನ 1:25

ಒಪ್ಪಿದೆ ಸಾರ್.

ಬೆಟ್ಟದಹಾದಿ_ಮಧುಗಿರಿ · ಮಂಗಳವಾರ ಮಧ್ಯಾಹ್ನ 1:26

ಸಾರ್ ಅಲ್ಲ, ಮೇಡಂ. ಪರವಾಗಿಲ್ಲ ಬಿಡಿ, ಅಭ್ಯಾಸ ಆಗಿದೆ.

ಪತ್ರಬರಹ_ತುಮಕೂರು · ಬುಧವಾರ ರಾತ್ರಿ 8:55

ಮೇಡಂ ಹೇಳಿದ ಹಾಗೆ ರೆಕಾಲ್ ಹಾಕಿದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಕ್ಕಿತು. ಮೊದಲ ದಿನ ಡಾಕ್ ಫೈಲುಗಳನ್ನು ಓದಲೇ ಇಲ್ಲ. ಆಮೇಲೆ ನೋಡಿದರೆ, ನನ್ನ ಹತ್ತಿರ ಇಂಥ ಸಹಾಯಕ ಇಲ್ಲ ಅಂತ ಅದೇ ಒಂದು ಪಟ್ಟಿ ತೋರಿಸುತ್ತಿತ್ತು. ಡಾಕ್ ಫೈಲ್ ಓದಿಕೊಡುವ ಆಂಟಿವರ್ಡ್ ಹಾಕಿದ ಮೇಲೆ ಓದಿತು. ಇವತ್ತು ಊಟಕ್ಕೆ ಹೋಗಿ ಬರೋದರೊಳಗೆ ಅರ್ಧ ಮುಗಿದಿತ್ತು, ಸಂಜೆಗೆ ಪೂರ್ತಿ. ಟೈಪಿಂಗ್ ಏನೂ ನಿಧಾನ ಆಗಲಿಲ್ಲ.

ಆದರೆ ಒಂದು ವಿಚಿತ್ರ. "ಬೆಳ್ಳಾವಿ" ಅಂತ ಕೊಟ್ಟರೆ ಹೋದ ವರ್ಷದ ಏಳು ಪತ್ರ ಮಾತ್ರ ಬರುತ್ತೆ. ನಾನು ಬೆಳ್ಳಾವಿ ಹೋಬಳಿಯ ಪತ್ರ ಕಡಿಮೆ ಅಂದರೂ ಮುನ್ನೂರು ಬರೆದಿದ್ದೇನೆ. ಹಳೇದು ಒಂದೂ ಇಲ್ಲ. ಫೈಲ್ ತೆರೆದರೆ ಕನ್ನಡ ಚೆನ್ನಾಗೇ ಕಾಣುತ್ತೆ. ಏನು ತಪ್ಪು ಮಾಡಿದೆ?

ತಟ್ಟೆಇಡ್ಲಿ_ಕ್ಯಾತ್ಸಂದ್ರ · ಬುಧವಾರ ರಾತ್ರಿ 9:12

ಸಾರ್, ಒಂದೇ ಪ್ರಶ್ನೆ. ಹಳೇದೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾ?

ಪತ್ರಬರಹ_ತುಮಕೂರು · ಬುಧವಾರ ರಾತ್ರಿ 9:14

ಹೌದು. ವಿಂಡೋಸ್ ಇದ್ದಾಗ ಎಲ್ಲ ನುಡಿಯೇ. ಯೂನಿಕೋಡ್ ಶುರು ಮಾಡಿದ್ದು ಲಿನಕ್ಸ್ ಬಂದ ಮೇಲೆ.

ತಟ್ಟೆಇಡ್ಲಿ_ಕ್ಯಾತ್ಸಂದ್ರ · ಬುಧವಾರ ರಾತ್ರಿ 9:48

ಅಲ್ಲೇ ಇರೋದು ಗಂಟು. ಹದಿನೈದು ವರ್ಷ ಡಿಟಿಪಿ ಮಾಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಹಳೇ ನುಡಿ ಫೈಲಿನೊಳಗೆ ಕನ್ನಡ ಇಲ್ಲ. ಇರೋದು ಇಂಗ್ಲಿಷ್ ಅಕ್ಷರ, ಮೇಲೆ ಗೀಟು ಚುಕ್ಕೆ ಇರುವ ಯುರೋಪಿನ ಅಕ್ಷರ, ಪೌಂಡ್ ಗುರುತು, ಇಂಥವು. ಆ ಅಕ್ಷರಗಳಿಗೆ ನುಡಿ ಫಾಂಟ್ ಕನ್ನಡದ ವೇಷ ಹಾಕುತ್ತೆ. ನಂಬಿಕೆ ಇಲ್ಲದಿದ್ದರೆ ಒಂದು ಹಳೇ ಪತ್ರ ತೆರೆಯಿರಿ, ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್ ಮಾಡಿ. ವೇಷ ಕಳಚುತ್ತೆ. ನೋಡಿದ ಮೇಲೆ ಮತ್ತೆ ಹಿಂದಿನ ಹಾಗೆ ಮಾಡಿಬಿಡಿ, ಸೇವ್ ಮಾಡಬೇಡಿ.

ಹೀಗಾಗಿ ನೀವು ಯೂನಿಕೋಡ್‌ನಲ್ಲಿ, ಅಂದರೆ ನಿಜವಾದ ಕನ್ನಡ ಅಕ್ಷರದಲ್ಲಿ, "ಬೆಳ್ಳಾವಿ" ಅಂತ ಕೊಟ್ಟರೆ ಆ ಫೈಲಿನಲ್ಲಿ ಅಂಥ ಪದವೇ ಇಲ್ಲ. ರೆಕಾಲ್ ಸುಳ್ಳು ಹೇಳುತ್ತಿಲ್ಲ. ಯಾವ ಸಾಧನ ಹಾಕಿದರೂ ಇದೇ ಕಥೆ.

ನುಡಿಯಲ್ಲೇ ಪದ ಟೈಪ್ ಮಾಡಿ ಹುಡುಕುವ ಜಾಗದಲ್ಲಿ ಅಂಟಿಸಿದರೆ ಆಗಲ್ವಾ ಅಂತ ಕೇಳಬಹುದು. ನಾನೂ ಮಾಡಿ ನೋಡಿದೆ. ರೆಕಾಲ್ ಇಂಗ್ಲಿಷ್, ಫ್ರೆಂಚ್ ಬಳಸುವವರಿಗೆ ಅನುಕೂಲ ಆಗಲಿ ಅಂತ ದೊಡ್ಡಕ್ಷರ ಸಣ್ಣಕ್ಷರ ಒಂದೇ ಮಾಡುತ್ತೆ, ಅಕ್ಷರದ ಮೇಲಿನ ಗೀಟುಗಳನ್ನೂ ಕಿತ್ತುಹಾಕುತ್ತೆ. ಈಗ ನುಡಿಯಲ್ಲಿ ದೊಡ್ಡ ಝಡ್ ಅಂದರೆ ಚ, ಸಣ್ಣ ಝಡ್ ಅಂದರೆ ದ. ಎರಡನ್ನೂ ಒಂದೇ ಮಾಡಿದರೆ? "ಚರ" ಆಸ್ತಿ ಹುಡುಕಿದರೆ ಗುಂಟೆಗೆ ಇಷ್ಟು "ದರ" ಅನ್ನೋದೂ ಬರುತ್ತೆ. ಪೌಂಡ್ ಗುರುತಿನಂಥವು ಪದದ ನಡುವೆ ಬಂದರೆ ಅಲ್ಲಿಗೇ ಪದ ಮುಗಿಯಿತು ಅಂದುಕೊಂಡು ಕತ್ತರಿಸುತ್ತೆ. ಒಟ್ಟಿನಲ್ಲಿ ಚಿತ್ರಾನ್ನ.

ಆದರೆ ಒಂದು ಬಾಗಿಲು ತೆರೆದಿದೆ. ಅಂಕಿಗಳು. ನುಡಿ ಫೈಲಿನಲ್ಲಿ ಅಂಕಿ ಅಂಕಿಯಾಗೇ ಇರುತ್ತೆ. ಕನ್ನಡ ಅಂಕಿ ತೋರಿಸುವ ಫಾಂಟ್ ಬಳಸಿದ್ದರೂ ಒಳಗಿರೋದು 1, 2, 3 ಅಷ್ಟೇ. ನಿಮ್ಮ ಪತ್ರದಲ್ಲಿ ಅಂಕಿಗೇನು ಬರವೇ? ಸರ್ವೆ ನಂಬರ್ ಇರುತ್ತೆ, ಮೊತ್ತ ಇರುತ್ತೆ, ತಾರೀಖು ಇರುತ್ತೆ. ಗಿರಾಕಿಗೆ ಫೋನ್ ಮಾಡಿ ಸರ್ವೆ ನಂಬರ್ ಕೇಳಿ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಚಿಹ್ನೆ ಹಾಕಿದರೆ ಎರಡು ಅಂಕಿ ಅಕ್ಕಪಕ್ಕ ಇದ್ದದ್ದು ಮಾತ್ರ ಬರುತ್ತೆ.

ಪತ್ರಬರಹ_ತುಮಕೂರು · ಗುರುವಾರ ಮಧ್ಯಾಹ್ನ 12:35

ಸಿಕ್ಕಿತು!

ಫೋನ್ ಮಾಡಿದೆ, 47/2 ಅಂದರು. ಹುಡುಕಿದರೆ ಹತ್ತೊಂಬತ್ತು ಫೈಲ್ ಬಂತು. ಅದರಲ್ಲಿ ಕೆಲವು ತಾರೀಖು, ಕೆಲವು ಬೇರೆ ಹೋಬಳಿಯ ಅದೇ ನಂಬರು. ಕೋರದ್ದು ಎರಡು, ಹೆಬ್ಬೂರಿನದು ಒಂದು. ಹನ್ನೊಂದನೇದು ನಮ್ಮದು. ಫೈಲಿನ ಹೆಸರು "ಫೈನಲ್ 3", ಇದ್ದದ್ದು ಬಾಡಿಗೆ ಕರಾರಿನ ಫೋಲ್ಡರ್ ಒಳಗೆ. ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಹಳ್ಳ, ಎಲ್ಲ ಇದೆ. ಅವರಿಗೆ ವಾಟ್ಸಾಪ್ ಮಾಡಿದೆ. ಟೀ ದುಡ್ಡು ಅವರೇ ಕೊಡುತ್ತಾರಂತೆ.

ತಟ್ಟೆಇಡ್ಲಿ ಅವರೇ, ಕ್ಯಾತ್ಸಂದ್ರಕ್ಕೆ ಬಂದಾಗ ಎರಡು ತಟ್ಟೆ ನನ್ನ ಲೆಕ್ಕ. ಆದರೆ ಎಲ್ಲರಿಗೂ ಸರ್ವೆ ನಂಬರ್ ನೆನಪಿರಲ್ಲ. ಹೆಸರಿನಿಂದಲೇ ಹುಡುಕುವ ಹಾಗೆ ಮಾಡೋದಕ್ಕೆ ಆಗಲ್ವಾ?

ತಟ್ಟೆಇಡ್ಲಿ_ಕ್ಯಾತ್ಸಂದ್ರ · ಗುರುವಾರ ರಾತ್ರಿ 9:30

ಆಗುತ್ತೆ, ಸ್ವಲ್ಪ ತಾಳ್ಮೆ ಬೇಕು. ನಾನು ಮಾಡಿಕೊಂಡಿರೋದು ಹೀಗೆ.

ಮೂಲ ಫೈಲನ್ನು ಮುಟ್ಟಬಾರದು. ಸಹಿ ಆಗಿರುವ ಪತ್ರದ ಪ್ರತಿ ಅದು, ಒಂದು ಅಕ್ಷರ ಆಚೀಚೆ ಆಗಬಾರದು. ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಮಾಡಿ. ಲಿಬ್ರೆ ಆಫೀಸ್‌ಗೆ ಟರ್ಮಿನಲ್‌ನಿಂದ ಹೇಳಿದರೆ ಕಿಟಕಿ ತೆರೆಯದೆ ಫೋಲ್ಡರಿನ ಎಲ್ಲ ಡಾಕ್ ಫೈಲನ್ನೂ ಬರಿ ಪಠ್ಯ ಮಾಡಿ ಅಲ್ಲಿ ಹಾಕುತ್ತೆ, ಹೆಸರು ಅದೇ ಇರುತ್ತೆ. ಆ ಪಠ್ಯವನ್ನು ನುಡಿಯಿಂದ ಯೂನಿಕೋಡ್‌ಗೆ ತಿರುಗಿಸಿ. ಪೈಥಾನ್‌ನಲ್ಲಿ ಬರೆದ ಮುಕ್ತ ಪರಿವರ್ತಕಗಳಿವೆ, ನಿಮ್ಮ ಅಕ್ಕನ ಮಗನಿಗೆ ಹೇಳಿದರೆ ಒಂದು ಭಾನುವಾರದ ಕೆಲಸ. ರೆಕಾಲ್‌ಗೆ ಎರಡೂ ಫೋಲ್ಡರ್ ಕೊಡಿ. ಹೆಸರು ಹುಡುಕಿದಾಗ ಪಠ್ಯ ಸಿಗುತ್ತೆ, ಅದೇ ಹೆಸರಿನ ಮೂಲವನ್ನು ಎಫ್‌ಸರ್ಚ್‌ನಲ್ಲಿ ತೆಗೆಯಿರಿ. ಕೊಬ್ಬರಿಯವರ ಸಲಹೆಯೂ ಹೀಗೆ ಕೆಲಸಕ್ಕೆ ಬಂತು ನೋಡಿ.

ಎರಡು ಕಡೆ ಕಾಲು ಜಾರುತ್ತೆ. ಬರಿ ಪಠ್ಯ ಮಾಡಿದಾಗ ಫಾಂಟ್ ಯಾವುದು ಅನ್ನೋದು ಕಳೆದುಹೋಗುತ್ತೆ. ಹಾಗಾಗಿ ಪತ್ರದ ನಡುವೆ ಇಂಗ್ಲಿಷಿನಲ್ಲೇ ಇದ್ದ ಬ್ಯಾಂಕಿನ ಹೆಸರು, ಪ್ಯಾನ್ ನಂಬರ್ ಕೂಡ ಕನ್ನಡದ ಗೊಜ್ಜಾಗುತ್ತೆ. ಅದಕ್ಕೇ ಮೂಲವೂ ಸೂಚಿಯಲ್ಲಿರಲಿ ಅಂದದ್ದು. ಇನ್ನೊಂದು, ಅಂಕಿಯನ್ನೂ ಕನ್ನಡ ಮಾಡು ಅನ್ನುವ ಆಯ್ಕೆ ಪರಿವರ್ತಕದಲ್ಲಿದ್ದರೆ ತೆಗೆದುಹಾಕಿ. ೪೭ ಆಗಿ ಕೂತರೆ ಆ ಪ್ರತಿ 47ಕ್ಕೆ ಸಿಗಲ್ಲ.

ಆನ್‌ಲೈನ್ ಪರಿವರ್ತಕಕ್ಕೆ ಮಾತ್ರ ಗಿರಾಕಿಗಳ ಪತ್ರ ಹಾಕಬೇಡಿ. ಆಧಾರ್, ಪ್ಯಾನ್, ಮೊತ್ತ ಎಲ್ಲ ಇರುತ್ತೆ. ನನಗೆ ಗೊತ್ತಿರುವ ಒಂದು ಅಂಗಡಿಯವರು ರಾಶಿ ರಾಶಿ ಹಾಕಿದ್ದರು, ಕೇಳಿದರೆ "ಫ್ರೀ ಅಲ್ವಾ" ಅಂದರು.

ಬೆಟ್ಟದಹಾದಿ_ಮಧುಗಿರಿ · ಗುರುವಾರ ರಾತ್ರಿ 10:02

ಚಪ್ಪಾಳೆ ತಟ್ಟೆಇಡ್ಲಿ ಅವರೇ. ಚ, ದ ವಿಷಯ ನನಗೂ ಗೊತ್ತಿರಲಿಲ್ಲ.

ಯೂನಿಕೋಡ್ ಆದ ಮೇಲೂ ಕನ್ನಡದ್ದೇ ಒಂದು ತಾಪತ್ರಯ ಇದೆ. "ತುಮಕೂರು" ಅಂತ ಕೊಟ್ಟರೆ "ತುಮಕೂರಿನಲ್ಲಿ", "ತುಮಕೂರಿಗೆ" ಇರುವ ಪತ್ರ ಬರಲ್ಲ. ಇಂಗ್ಲಿಷ್ ಪದವಾದರೆ ರೆಕಾಲ್ ಬಾಲ ಕತ್ತರಿಸಿ ಬೇರು ಹುಡುಕುತ್ತೆ, ಕನ್ನಡದ ವಿಭಕ್ತಿ ಅದಕ್ಕೆ ಗೊತ್ತಿಲ್ಲ. ಉಪಾಯ ಸುಲಭ. ಕೊನೆಯ ಉಕಾರ ಬಿಟ್ಟು "ತುಮಕೂರ" ಅಂತ ಬರೆದು ಪಕ್ಕದಲ್ಲೇ ನಕ್ಷತ್ರ ಹಾಕಿ. ಎಲ್ಲ ರೂಪವೂ ಬರುತ್ತೆ. ನಕ್ಷತ್ರ ಪದದ ಕೊನೆಯಲ್ಲಿ ಮಾತ್ರ ಇರಲಿ. ಮೊದಲಲ್ಲಿ ಹಾಕಿದರೆ ಇಡೀ ಪದಪಟ್ಟಿ ತಡಕಾಡಬೇಕು, ಹಳೇ ಯಂತ್ರ ಏದುಸಿರು ಬಿಡುತ್ತೆ.

ಇಂಗ್ಲಿಷಿನಲ್ಲಿ ಊರಿನ ಹೆಸರು ಹುಡುಕುವಾಗಲೂ ಇದು ನೆನಪಿರಲಿ. 2014ರ ನವೆಂಬರ್ 1ರಿಂದ ಸ್ಪೆಲಿಂಗ್ ಬದಲಾಯಿತು. ಹಳೇ ಪತ್ರದಲ್ಲಿ Tumkur, ಹೊಸದರಲ್ಲಿ Tumakuru. ಮೊದಲ ಮೂರು ಅಕ್ಷರ ಕೊಟ್ಟು ನಕ್ಷತ್ರ ಹಾಕಿದರೆ ಎರಡೂ ಸಿಗುತ್ತೆ.

ತಿಪಟೂರು_ಕೊಬ್ಬರಿ · ಗುರುವಾರ ರಾತ್ರಿ 10:20

ಹತ್ತು ವರ್ಷ ಆಯ್ತು, ನಮ್ಮ ಮಂಡಿಯ ಬಿಲ್‌ಬುಕ್‌ನಲ್ಲಿ ಇನ್ನೂ ಹಳೇ ಸ್ಪೆಲಿಂಗೇ ಇದೆ.

ರೇಷ್ಮೆಗೂಡು_ಶಿಡ್ಲಘಟ್ಟ · ಶುಕ್ರವಾರ ಬೆಳಿಗ್ಗೆ 7:05

ಸ್ಕ್ಯಾನ್ ಮಾಡಿದ ಹಳೇ ಪಹಣಿ, ಖಾತೆ ನಕಲು ಇದ್ದರೆ? ನನ್ನ ಹತ್ತಿರ ಅಪ್ಪನ ಕಾಲದ ಒಂದು ಚೀಲ ಇದೆ. ರೆಕಾಲ್ ಅದನ್ನೂ ಓದುತ್ತಾ?

ಬೆಟ್ಟದಹಾದಿ_ಮಧುಗಿರಿ · ಶುಕ್ರವಾರ ಸಂಜೆ 5:40

ಅಚ್ಚಾದದ್ದಾದರೆ ಓದಿಸಬಹುದು. ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್ ಹಾಕಿ, ಅದರ ಕನ್ನಡ ಭಾಷೆಯ ಕಂತೆಯನ್ನು ಬೇರೆಯಾಗಿ ಹಾಕಬೇಕು. ರೆಕಾಲ್ ಸೆಟ್ಟಿಂಗ್‌ನಲ್ಲಿ ಹೇಳಿದರೆ ಸ್ಕ್ಯಾನ್ ಪಿಡಿಎಫ್ ಕಂಡಾಗ ಟೆಸರಾಕ್ಟನ್ನು ಕರೆದು ಓದಿಸುತ್ತೆ. ಒಮ್ಮೆ ಓದಿದ್ದನ್ನು ಎತ್ತಿಟ್ಟುಕೊಳ್ಳುತ್ತೆ, ಮತ್ತೆ ಮತ್ತೆ ಓದಲ್ಲ. ಆದರೆ ಇದು ಹಗುರದ ಕೆಲಸ ಅಲ್ಲ, 2 ಜಿಬಿ ಯಂತ್ರದಲ್ಲಿ ರಾತ್ರಿಯೆಲ್ಲ ಬೇಕು. ಒತ್ತಕ್ಷರಗಳಲ್ಲಿ ತಪ್ಪುತ್ತೆ. 300 ಡಿಪಿಐಗಿಂತ ಕಡಿಮೆ ಸ್ಕ್ಯಾನ್ ಮಾಡಬೇಡಿ.

ಶ್ಯಾನುಭೋಗರ ಕೈಬರಹವಾದರೆ ಮರೆತುಬಿಡಿ. ಅದನ್ನು ನಮ್ಮ ತಾತನೇ ಓದುತ್ತಿರಲಿಲ್ಲ. ಫೈಲಿನ ಹೆಸರಿನಲ್ಲಿ ಊರು, ಸರ್ವೆ ನಂಬರ್ ಬರೆದಿಡಿ.

ಪತ್ರಬರಹ_ತುಮಕೂರು · ಭಾನುವಾರ ಸಂಜೆ 6:15

ಅಕ್ಕನ ಮಗ ಬಂದಿದ್ದಾನೆ. 2011ರಿಂದ 2015ರವರೆಗಿನ ಫೋಲ್ಡರ್ ಯೂನಿಕೋಡ್ ಆಯ್ತು. "ಬೆಳ್ಳಾವಿ" ಅಂತ ಕೊಟ್ಟರೆ ಈಗಲೇ ನೂರ ನಲವತ್ತು ಪತ್ರ. ನಾನೇ ಮರೆತಿದ್ದ ಪತ್ರಗಳೆಲ್ಲ ಎದ್ದು ಬರುತ್ತಿವೆ. ಒಂದರಲ್ಲಿ "ದಕ್ಷಿಣಕ್ಕೆ" ಅಂತ ಎರಡು ಸಲ ಬರೆದು ಉತ್ತರ ದಿಕ್ಕನ್ನೇ ಬಿಟ್ಟಿದ್ದೇನೆ. ಅದು ರಿಜಿಸ್ಟರ್ ಆಗುವ ಮೊದಲು ಯಾರಾದರೂ ನೋಡಿ ತಿದ್ದಿಸಿದ್ದರೋ ಏನೋ, ನಾಳೆ ಆ ಮನೆಯವರಿಗೆ ಫೋನ್ ಮಾಡಬೇಕು.

ಇದನ್ನು ಫೋನಿನಿಂದ ಬರೆಯುತ್ತಿದ್ದೇನೆ. ಕರೆಂಟ್ ಹೋಯ್ತು, ಯುಪಿಎಸ್ ಎರಡು ನಿಮಿಷಕ್ಕೆ ಕೈಕೊಟ್ಟಿತು. ರೆಕಾಲ್ ಅರ್ಧ ಓದುತ್ತಿತ್ತು. ಮತ್ತೆ ಮೊದಲಿಂದ ಓದಿಸಬೇಕಾ ಮೇಡಂ?

ಬೆಟ್ಟದಹಾದಿ_ಮಧುಗಿರಿ · ಭಾನುವಾರ ಸಂಜೆ 6:32

ಬೇಡ. ಓದಿದ್ದನ್ನು ಅದು ಆಗಾಗ ಡಿಸ್ಕ್‌ಗೆ ಬರೆದಿಡುತ್ತಿರುತ್ತೆ. ಮತ್ತೆ ಶುರು ಮಾಡಿದರೆ ಉಳಿದದ್ದನ್ನು ಓದುತ್ತೆ. ಸೂಚಿ ಕೆಟ್ಟಿದೆ ಅಂತ ತಕರಾರು ಮಾಡಿದರೆ ಮಾತ್ರ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿಸಿ. ಅಳಿಯೋದು ಸೂಚಿ ಮಾತ್ರ, ನಿಮ್ಮ ಪತ್ರಗಳಿಗೆ ಏನೂ ಆಗಲ್ಲ. ಮೊದಲು ಯುಪಿಎಸ್ ಬ್ಯಾಟರಿ ಬದಲಾಯಿಸಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ · ಭಾನುವಾರ ಸಂಜೆ 6:40

ಇಲ್ಲೂ ಕರೆಂಟ್ ಇಲ್ಲ ಸಾರ್. ಆ ಎರಡು ತಟ್ಟೆ ಮರೆಯಬೇಡಿ.